ಹಾಯಿದೋಣಿಯಲ್ಲಿ ಮೈ ಚಾಚಲು ಜಾಗ

ಗೆಳೆಯನ ಹಾಯಿದೋಣಿ, ಸುಮಾರು ಹತ್ತು ಮೀಟರ್ ಉದ್ದ. ನಾವು ನಾಲ್ಕು ಜನ. ದಡದ ಗುಂಟ ಸಾಗುತ್ತ, ಸಂಜೆ ಎಲ್ಲಾದರೂ ಲಂಗರು ಹಾಕುವುದು ನಮ್ಮ ಯೋಜನೆ. ಗಾಳಿ, ಅಲೆ, ಸೂರ್ಯಾಸ್ತ ಎಲ್ಲದರ ಮಾತೂ ಆಗಿತ್ತು. ಮಲಗುವುದೆಲ್ಲಿ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಮೂತಿಯ ಕಡೆಯ ಬರ್ತ್. ದೋಣಿ ಮುಂದೆ ಹೋದಂತೆ ಕಿರಿದಾಗುತ್ತದೆ, ಹಾಸಿಗೆಯೂ ಹಾಗೇ. ತಲೆಯ ಕಡೆ ಇಬ್ಬರು ಆರಾಮಾಗಿ ಮಲಗಬಹುದು, ಕಾಲಿನ ಕಡೆ ಜಗಳ ತಪ್ಪದು. ಐದು ಸೆಂಟಿಮೀಟರ್ ದಪ್ಪದ ಹಳೆಯ ಫೋಮ್. ಮಗ್ಗುಲಾದರೆ ಸೊಂಟಕ್ಕೆ ಪ್ಲೈವುಡ್ಡೇ ಸಿಗುತ್ತಿತ್ತು.

ಬೆಳಿಗ್ಗೆ ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲ ಒದ್ದೆ. ದೋಣಿ ಸೋರುತ್ತಿದೆ ಅಂತ ಗಾಬರಿಯಾಯಿತು. ಗೆಳೆಯ ನಕ್ಕ. "ಅದು ಸಮುದ್ರದ ನೀರಲ್ಲ ಮಾರಾಯ, ನಿನ್ನದೇ." ಮೈಯ ಬೆವರು, ಉಸಿರಿನ ತೇವ ಫೋಮಿನೊಳಗೆ ಇಳಿದು ತಣ್ಣನೆಯ ಹಲಗೆ ತಾಗಿದಾಗ ನೀರಾಗುತ್ತದೆ. ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಉಪಾಯ ಸುಲಭ: ಅಡಿಯಲ್ಲಿ ಗಾಳಿ ಆಡಬೇಕು. ಹಲಗೆಗೆ ಅಲ್ಲಲ್ಲಿ ತೂತು ಕೊರೆದೆವು, ಮೇಲೆ ಒರಟು ಪ್ಲಾಸ್ಟಿಕ್ ಜಾಲರಿ ಹಾಸಿದೆವು. ಹಗಲು ಹೊತ್ತು ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದೆವು.

ಮುಂದಿನ ಬಂದರಿನಲ್ಲಿ ಹತ್ತು ಸೆಂಟಿಮೀಟರಿನ ಗಟ್ಟಿ ಫೋಮ್ ಸಿಕ್ಕಿತು. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಮಧ್ಯಾಹ್ನ ಅದೇ ಇರಬೇಕು. ದಿನಪತ್ರಿಕೆ ಅಂಟಿಸಿ ಬರ್ತಿನ ಅಚ್ಚು ತೆಗೆದೆವು. ಆದರೆ ದೋಣಿಯ ಪಕ್ಕೆ ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಹೊರಕ್ಕೆ ಬಾಗಿರುತ್ತದೆ. ಅದಕ್ಕೇ ಹಾಸಿಗೆಯ ತಳಕ್ಕೆ ಒಂದು ಅಳತೆ, ಮೇಲ್ಭಾಗಕ್ಕೆ ಇನ್ನೊಂದು. ಎರಡೂ ಕಡೆ ಗೆರೆ ಹಾಕಿ, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವನ್ನು ಓರೆಯಾಗಿ ಹಿಡಿದು, ಒತ್ತದೆ ಮೆಲ್ಲಗೆ ಎಳೆಯಬೇಕು. ಒತ್ತಿದರೆ ಅಂಚು ಅಂಕುಡೊಂಕು. ಒಂದೇ ತುಂಡು ಮಾಡುವುದೂ ಸುಮ್ನೆ ತಲೆನೋವು, ಏಕೆಂದರೆ ಅಡಿಯ ಡಬ್ಬಗಳಲ್ಲಿ ಹಗ್ಗ, ಸಾಮಾನು ಇರುತ್ತವೆ, ತೆಗೆಯಬೇಕಾದಾಗೆಲ್ಲ ಇಡೀ ಹಾಸಿಗೆ ಎತ್ತಬೇಕು. ಎರಡು ತುಂಡು ಮಾಡಿದೆವು.

ರಾತ್ರಿಯೂ ಸಾಗಬೇಕಾದ ದಿನ ಆ ಹೊಸ ಹಾಸಿಗೆ ಉಪಯೋಗಕ್ಕೇ ಬರಲಿಲ್ಲ. ಅಲೆಗಳಲ್ಲಿ ಹೆಚ್ಚು ಏರಿಳಿಯುವುದು ಮೂತಿಯೇ. ಅಲ್ಲಿ ಮಲಗಿದವನು ಹಾಸಿಗೆಗಿಂತ ಗಾಳಿಯಲ್ಲೇ ಹೆಚ್ಚು ಹೊತ್ತು ಇರುತ್ತಾನೆ. ನಡುಭಾಗದ ಉದ್ದ ಸೀಟಿಗೆ ಬಂದೆ. ಅಗಲ ಬರೀ ಅರವತ್ತು ಸೆಂಟಿಮೀಟರ್. ದೋಣಿ ವಾಲಿಕೊಂಡು ಓಡುವಾಗ ಇಕ್ಕಟ್ಟೇ ಒಳ್ಳೆಯದು, ಉರುಳಲು ಜಾಗವಿರುವುದಿಲ್ಲ. ಬೀಳದಂತೆ ತಡೆಯಲು ಲೀ ಕ್ಲಾತ್ ಎಂಬ ಕ್ಯಾನ್ವಾಸ್ ಪಟ್ಟಿ ಇತ್ತು. ಅದರ ಒಂದಂಚನ್ನು ಹಾಸಿಗೆಯ ಅಡಿಯ ಹಲಗೆಗೆ ಬಿಗಿದಿದ್ದರು, ಇನ್ನೊಂದನ್ನು ಹಗ್ಗದಿಂದ ಮೇಲಿನ ಹಿಡಿಕೆಗೆ ಕಟ್ಟಬೇಕು. ಬೆನ್ನಿಗೊಂದು ದಿಂಬು ತುರುಕಿಕೊಂಡೆ. ತೊಟ್ಟಿಲಲ್ಲಿ ಬಿದ್ದುಕೊಂಡ ಮಗುವಿನ ಹಾಗೆ ನಿದ್ದೆ ಬಂತು. ಪಾಳಿಗೆ ಎಬ್ಬಿಸಿದಾಗ ಎಬ್ಬಿಸಿದವನ ಮೇಲೆ ಸಿಟ್ಟೂ ಬಂತು. ನಾನೆದ್ದ ಬಿಸಿ ಹಾಸಿಗೆಯಲ್ಲೇ ಅವನು ಮಲಗಿದ.

ಒಂದು ಶಿಸ್ತು ಮಾತ್ರ ಕಡ್ಡಾಯ: ಉಪ್ಪುನೀರು ತಾಗಿದ ಬಟ್ಟೆಯಲ್ಲಿ ಹಾಸಿಗೆಗೆ ಬರುವಂತಿಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊದಿಕೆಗೆ ಒಮ್ಮೆ ಹತ್ತಿದರೆ ಸಿಹಿನೀರಿನಲ್ಲಿ ಒಗೆಯುವವರೆಗೂ ಜಿಗುಟು ಹೋಗದು.

ಮತ್ತೆ ಲಂಗರು ಹಾಕಿದ ಮೇಲೆ ಸದ್ದಿನ ಕಾಟ. ಹಾಯಿ ಏರಿಸುವ ಹಗ್ಗ ಕಂಬಕ್ಕೆ ಟಣ್ ಟಣ್ ಬಡಿಯುತ್ತಿತ್ತು. ಅದನ್ನು ಕಂಬದಿಂದ ದೂರ ಎಳೆದು ಕಟ್ಟಿದೆವು. ಸೆಕೆಗೆ ತಲೆಯ ಮೇಲಿನ ಕಿಂಡಿ ತೆರೆದು, ಗಾಳಿ ಒಳಕ್ಕೆ ತಿರುಗುವಂತೆ ಬಟ್ಟೆ ಕಟ್ಟಿದೆವು. ಲಂಗರು ಹಾಕಿದ ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿಯೇ ನಿಲ್ಲುವುದರಿಂದ ಫ್ಯಾನೇ ಬೇಡ. ಮಳೆ ಬಂದರೆ ಎದ್ದು ಮುಚ್ಚಬೇಕು. ಆ ಕೆಲಸ ಮೂತಿಯಲ್ಲಿ ಮಲಗಿದವನದ್ದೇ. ಮೊದಲು ನೆನೆಯುವವನೂ ಅವನೇ ಅಲ್ವಾ!