ಬರೀ ಮೂರು ಮೀಟರಿನ ಬಂಡೆ

ಮೊನ್ನೆ ನಿದ್ದೆ ಬಾರದೆ ಸುಮ್ನೆ ಮೊಬೈಲಿನಲ್ಲಿ ನಕಾಶೆ ನೋಡುತ್ತಾ ಕೂತಿದ್ದೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಅಂಟಾರ್ಕ್ಟಿಕಾದ ಕಡೆಗೆ, ಸೌತ್ ಜಾರ್ಜಿಯಾ ಅಂತ ಹಿಮದ ದ್ವೀಪ ಇದೆಯಲ್ಲ, ಅದರಿಂದ ಪಶ್ಚಿಮಕ್ಕೆ ಸುಮಾರು 240 ಕಿ.ಮೀ. ಹೋದರೆ ಶ್ಯಾಗ್ ರಾಕ್ಸ್ ಅನ್ನುವ ಆರು ಬಂಡೆಗಳು ಸಿಗುತ್ತವೆ. ಎತ್ತರದ್ದು 70 ಮೀಟರ್ ಚಿಲ್ಲರೆ. ಗಿಡಮರ ಏನೂ ಇಲ್ಲ. ಇರುವುದು ನಮ್ಮ ಕೆರೆಗಳ ನೀರುಕಾಗೆಯ ನೆಂಟರು, ಜೊತೆಗೆ ಅವುಗಳ ಹಿಕ್ಕೆ!

ನನಗೆ ಜಾಸ್ತಿ ಇಷ್ಟವಾಗಿದ್ದು ಅಲ್ಲಿಂದ 16 ಕಿ.ಮೀ. ಆಗ್ನೇಯಕ್ಕಿರುವ ಬ್ಲ್ಯಾಕ್ ರಾಕ್. ನೀರಿನ ಮೇಲೆ ಕಾಣುವುದು ಬರೀ 3 ಮೀಟರ್. ದೊಡ್ಡ ಅಲೆ ಬಂತೋ, ಬಂಡೆ ಮಾಯ.

1762ರಲ್ಲಿ ಅರೋರಾ ಎಂಬ ಸ್ಪೇನಿನ ಹಡಗಿನವರು ಈ ಕಡೆ ದ್ವೀಪಗಳನ್ನು ಕಂಡೆವು ಅಂದರು, ಅವು ನಕಾಶೆಗೂ ಏರಿದವು, ಆದರೆ 1820ರಲ್ಲಿ ಜೇಮ್ಸ್ ವೆಡೆಲ್ ಎಂಬ ಬ್ರಿಟಿಷ್ ನಾವಿಕ ಹುಡುಕಿಕೊಂಡು ಹೋದಾಗ ಏನೂ ಸಿಗಲಿಲ್ಲ. ಅರೋರಾದವರು ನೋಡಿದ್ದು ಈ ಬಂಡೆಗಳನ್ನೇ ಇರಬೇಕು, ಅಲ್ವಾ?

ಶ್ಯಾಗ್ ರಾಕ್ಸ್ ಮೇಲೆ ಮನುಷ್ಯ ಮೊದಲು ಕಾಲಿಟ್ಟಿದ್ದು 1956ರಲ್ಲಿ. ಅದೂ ದೋಣಿಯಿಂದಲ್ಲ. ಅರ್ಜೆಂಟೀನಾದ ಒಬ್ಬ ಭೂವಿಜ್ಞಾನಿಯನ್ನು ಹೆಲಿಕಾಪ್ಟರಿನಿಂದ ಹಗ್ಗ ಕಟ್ಟಿ ಇಳಿಸಿದರಂತೆ, ಕಲ್ಲಿನ ಚೂರು ತರೋಕೆ.