ಮಾಡೆಲ್ ಎ ಟಾಪಿಗೆ ಮರ ಕೂರಿಸಿದ್ದು

18 ಜನವರಿ 2026, ಭಾನುವಾರ
ಮೈಸೂರು

ಸಂಕ್ರಾಂತಿ ಕಳೀಲಿ ಸಾರ್ ಬರ್ತೀನಿ ಅಂದಿದ್ರು ಆಚಾರ್ರು, ಇವತ್ತು ಬೆಳಗ್ಗೆ ನಾನು ಕಾಫಿ ಕುಡಿಯೋ ಹೊತ್ತಿಗೇ ಉಳಿ ಕೊಡತಿ ಚೀಲ ಹಿಡ್ಕೊಂಡು ಬಂದ್ರು. ಸಾಯಂಕಾಲದ ಹೊತ್ತಿಗೆ ನಮ್ಮ ಹಳೇ ಫೋರ್ಡ್ ಕಾರಿನ ಟಾಪಿಗೆ ಮುಂದಿನ ಹೆಡರ್ರು (ಮುಂದಿನ ಗಾಜಿನ ಮೇಲೆ ಬರೋ ಅಡ್ಡ ಮರ), ಎರಡೂ ಕಡೆ ಉದ್ದದ ಪಟ್ಟಿ, ಅವುಗಳ ಮಧ್ಯೆ ಅಡ್ಡ ಕಮಾನುಗಳು ಎಲ್ಲಾ ಕೂತ್ವು, ಹಿಂದಿನ ಬಲಗಡೆ ಮೂಲೆ ಒಂದು ಬಾಕಿ ಇದೆ. ಮಳೆ ನಿಂತು ಹವಾ ಒಣಗ್ಲಿ ಅಂತಾನೇ ಇಷ್ಟು ದಿನ ಕಾದಿದ್ದು, ಯಾಕಂದ್ರೆ ಥಂಡಿ ಕುಡಿದು ಉಬ್ಬಿರೋ ಮರ ಕೂರಿಸಿದ್ರೆ ಬೇಸಿಗೇಲಿ ಕುಗ್ಗಿ ಎಲ್ಲಾ ಜಾಯಿಂಟೂ ಸಡಿಲ ಆಗುತ್ತೆ.

ಹೊಸದಾಗಿ ಓದ್ತಿರೋರಿಗೆ ಸ್ವಲ್ಪ ಹಿನ್ನೆಲೆ. ಗಾಡಿ 1930ರ ಫೋರ್ಡ್ ಮಾಡೆಲ್ ಎ, ಟ್ಯೂಡರ್, ಅಂದ್ರೆ ಎರಡು ಬಾಗಿಲಿನ ಸೆಡಾನು. ನಮ್ಮ ದೇಶಕ್ಕೆ ಆ ಕಾಲದಲ್ಲಿ ಬಂದ ಫೋರ್ಡುಗಳು ಕೆನಡಾ ಫೋರ್ಡ್ ಕಡೆಯಿಂದ ಬರ್ತಿದ್ವು, 1926ರಲ್ಲಿ ಶುರುವಾದ ಇಂಡಿಯಾ ಕಂಪನೀನೂ ಅವರದ್ದೇ, ಬ್ರಿಟಿಷ್ ಆಡಳಿತದ ದೇಶಗಳಿಗೆ ಅವರು ಬಲಗಡೆ ಸ್ಟಿಯರಿಂಗ್ ಇಟ್ಟು ಕಳಿಸ್ತಿದ್ರು, ಅದಕ್ಕೇ ಇದರ ಸ್ಟಿಯರಿಂಗ್ ಬಲಗಡೆ. ಬಾಡಿ ಹೆಚ್ಚುಕಮ್ಮಿ ಪೂರ್ತಿ ಸ್ಟೀಲು, ಆದ್ರೆ ನೆತ್ತಿ ಮೇಲೆ ಮಾತ್ರ ದೊಡ್ಡದೊಂದು ಕಿಂಡಿ, ಅದಕ್ಕೆ ಮರದ ಚೌಕಟ್ಟು, ಮರದ ಮೇಲೆ ಹತ್ತಿ ಹಾಸು, ಅದರ ಮೇಲೆ ನೀರು ಇಳೀದಿರೋ ಥರ ಕೋಟಿಂಗ್ ಕೊಟ್ಟ ಬಟ್ಟೆ. ಗಾಡಿ ನೋಡೋಕೆ ಬಂದೋರೆಲ್ಲ ಇದೇನು ಕಾರಿಗೆ ಬಟ್ಟೆ ಟಾಪಾ ಅಂತ ಕೇಳ್ತಾರೆ. ಆಗ ಅಷ್ಟು ಅಗಲದ ಸ್ಟೀಲ್ ಶೀಟ್ ತಯಾರು ಮಾಡೋದು, ಅದನ್ನ ಒಂದೇ ತುಂಡಾಗಿ ಪ್ರೆಸ್ಸಲ್ಲಿ ಒತ್ತೋದು ಸುಲಭದ ಕೆಲಸ ಆಗಿರ್ಲಿಲ್ಲ. ಜನರಲ್ ಮೋಟರ್ಸ್‌ನೋರು ಟರೆಟ್ ಟಾಪ್ ಅಂತ ಪೂರ್ತಿ ಸ್ಟೀಲಿನ ನೆತ್ತಿ ತಂದಿದ್ದು 1935ರ ಗಾಡಿಗಳಲ್ಲಿ, ಫೋರ್ಡ್‌ಗೆ ಅದು ಬಂದಿದ್ದು 1937ರಲ್ಲಿ.

ಮರ ಕೊಳೆಯೋದು ಹೇಗೆ ಅಂತ ಹಳೇ ಪಟ್ಟಿ ಬಿಚ್ಚಿದಾಗ ಕಣ್ಣಿಗೇ ಕಾಣ್ತು. ಬಟ್ಟೆ ಅಂಚನ್ನ ಮರಕ್ಕೆ ಸಣ್ಣ ಮೊಳೆ ಹೊಡೆದು ಹಿಡಿಸಿರ್ತಾರೆ, ಮೇಲೆ ತಗಡಿನ ಬೀಡಿಂಗ್ ಮುಚ್ಚುತ್ತೆ. ವರ್ಷ ಕಳೆದಂಗೆ ಬಟ್ಟೆ ಒಣಗಿ ಅಂಚಲ್ಲಿ ಸೀಳುತ್ತೆ, ನೀರು ಬೀಡಿಂಗ್ ಕೆಳಗೆ ಹೋಗಿ ಕೂರುತ್ತೆ, ಮೊಳೆ ತುಕ್ಕು ಹಿಡಿಯುತ್ತೆ, ಆ ತುಕ್ಕಿನ ಸುತ್ತ ಮರ ಕಪ್ಪಾಗಿ ಪುಡಿ ಆಗುತ್ತೆ. ಮೊದಲು ಹೋಗೋದು ಮೂಲೆಗಳೇ. ನಮ್ಮ ಗಾಡೀಲಿ ಮುಂದಿನ ಮೂಲೆಗಳು ಬೆರಳಲ್ಲಿ ಹಿಸುಕಿದ್ರೆ ಉದುರ್ತಿದ್ವು, ಮಿಕ್ಕಿದ್ದನ್ನ ಗೆದ್ದಲು ತಿಂದಿತ್ತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಎಷ್ಟೋ ಕಡೆ ಈ ಕಿಂಡಿಗೆ ಒಂದು ತಗಡು ಹಾಕಿ ವೆಲ್ಡ್ ಮಾಡಿ ಪುಟ್ಟಿ ಮೆತ್ತಿ ಪೇಂಟ್ ಹೊಡೆದುಬಿಡ್ತಾರೆ, ನನಗೂ ಹಾಗೇ ಮಾಡ್ಸಿ ಸಾರ್ ಸೋರಲ್ಲ ಅಂತ ಹೇಳಿದೋರಿದ್ದಾರೆ. ದಯವಿಟ್ಟು ಮಾಡಿಸ್ಬೇಡಿ. ತೆಳು ತಗಡು ಓಡುವಾಗ ಡಬಡಬ ಅನ್ನುತ್ತೆ, ದಪ್ಪ ತಗಡು ಹಾಕಿದ್ರೆ ತೂಕ ಎಲ್ಲಾ ತಲೆ ಮೇಲೆ ಬರುತ್ತೆ, ವೆಲ್ಡಿಂಗ್ ಬಿಸಿಗೆ ಪಕ್ಕದ ಹಳೇ ಶೀಟು ಸೊಟ್ಟ ಆಗುತ್ತೆ. ಎಲ್ಲಕ್ಕಿಂತ ಮುಖ್ಯ, ಒಳಗಿನ ಸೀಲಿಂಗ್ ಬಟ್ಟೆ ನಿಲ್ಲೋದೇ ಈ ಅಡ್ಡ ಕಮಾನುಗಳ ಮೇಲೆ, ಮರ ಇಲ್ಲ ಅಂದ್ರೆ ಅದಕ್ಕೆ ಮೊಳೆ ಹೊಡೆಯೋದು ಎಲ್ಲಿಗೆ? ಒಂದು ಸಲ ವೆಲ್ಡ್ ಮಾಡಿದ್ರೆ ಮುಂದೆ ಯಾರಾದ್ರೂ ಸರಿ ಮಾಡ್ಬೇಕು ಅಂದ್ರೂ ಕಷ್ಟ. ತೊಂಬತ್ತು ವರ್ಷ ದಾಟಿರೋ ಗಾಡಿ, ನಮ್ಮ ಕೈಗೆ ಬಂದಿದೆ ಅಂತ ಅದರ ಗುಣಾನೇ ಕಿತ್ತುಹಾಕೋ ಹಕ್ಕು ನಮಗಿಲ್ಲ ಅಂತ ನಾನು ನಂಬಿದ್ದೀನಿ.

ಮರದ ವಿಷಯಕ್ಕೆ ಬರ್ತೀನಿ. ಹಳೇ ಕಾರಿನ ಬಾಡಿ ಕೆಲಸಕ್ಕೆ ವಿಲಾಯ್ತಿ ಕಡೆ ಹೆಸರಾಗಿರೋದು ಆಶ್ ಮರ, ಎಳೆ ನೇರ, ಬಾಗಿಸಿದ್ರೆ ಬಾಗುತ್ತೆ, ಕುಲುಕಾಟ ತಡ್ಕೊಳ್ಳುತ್ತೆ, ಸ್ಕ್ರೂನ ಗಟ್ಟಿಯಾಗಿ ಹಿಡಿಯುತ್ತೆ. ಬೆಂಗಳೂರಲ್ಲಿ ಇಂಪೋರ್ಟ್ ಟಿಂಬರ್ ಅಂಗಡೀಲಿ ಸಿಗ್ತು, ಆದ್ರೆ ಅದು ಕಿಲ್ನ್‌ನಲ್ಲಿ (ಬಿಸಿಗಾಳಿ ಗೂಡಲ್ಲಿ) ಒಣಗಿಸಿದ್ದು. ಹಬೇಲಿ ಬಾಗಿಸೋಕೆ ಒಳಗೆ ಸ್ವಲ್ಪ ಹಸಿ ಇರೋ ಮರಾನೇ ವಾಸಿ, ಒಂದಿಂಚು ದಪ್ಪಕ್ಕೆ ಒಂದು ಗಂಟೆ ಹಬೆ ಅನ್ನೋ ಲೆಕ್ಕ ಎಲ್ಲರೂ ಹೇಳ್ತಾರೆ, ಆದ್ರೆ ಕಿಲ್ನ್‌ನಲ್ಲಿ ಒಣಗಿದ್ದು ಎಷ್ಟು ಹಬೆ ಕೊಟ್ರೂ ಹೊರಮೈ ಸಿಗುರು ಎದ್ದು ಬಿರಿಯೋದು ಜಾಸ್ತಿ. ದಪ್ಪ ಹಲಗೇಲಿ ಕಮಾನಿನ ಆಕಾರ ಗೀಚಿ ಬ್ಯಾಂಡ್ ಸಾ ಅನ್ನೋ ಮೆಷಿನ್ ಗರಗಸದಲ್ಲಿ ಕೊಯ್ಯಬಹುದು, ಅದಕ್ಕೆ ಆಚಾರ್ರೇ ಒಪ್ಪಲಿಲ್ಲ. "ಹಂಗ್ ಕುಯ್ದ್ರೆ ತುದೀಲಿ ಎಳೆ ತುಂಡಾಗೋಯ್ತದೆ ಸಾರ್, ನೀವ್ ಬಟ್ಟೆ ಬಿಗಿ ಎಳ್ದ್ರೆ ಅಲ್ಲೇ ಲಟಕ್ ಅಂತದೆ" ಅಂದ್ರು. ಅದಕ್ಕೇ ಆಶ್‌ನ ತೆಳ್ಳಗೆ ಸೀಳಿಸಿ, ಅಚ್ಚಿನ ಮೇಲೆ ಒಂದರ ಮೇಲೊಂದು ಎಪಾಕ್ಸಿ ಅಂಟು ಹಚ್ಚಿ ಕ್ಲಾಂಪ್ ಹಾಕಿ ಬಾಗಿಸಿದ್ವಿ. ಕ್ಲಾಂಪ್ ಬಿಚ್ಚಿದ ಮೇಲೆ ಮರ ಸ್ವಲ್ಪ ವಾಪಸ್ ನಿಗುರುತ್ತೆ, ಅದನ್ನ ಮೊದಲೇ ಲೆಕ್ಕ ಹಿಡಿದು ಅಚ್ಚಿನ ಬಾಗು ಸ್ವಲ್ಪ ಜಾಸ್ತಿ ಇಟ್ಟಿದ್ರು. ಪಟ್ಟಿ ತೆಳ್ಳಗಿದ್ದಷ್ಟೂ ನಿಗುರೋದು ಕಮ್ಮಿ. ನೇರ ಇರೋ ಉದ್ದದ ಪಟ್ಟಿಗಳಿಗೆ ಹಳೇ ಮನೆ ಬಿಚ್ಚಿದ ತೇಗ ಹಾಕಿದ್ವಿ, ಗೆದ್ದಲು ಮುಟ್ಟಲ್ಲ, ನೀರಿಗೂ ಜಗ್ಗಲ್ಲ, ಅಂಟು ಹಾಕೋ ಜಾಗ ಮಾತ್ರ ಅಸಿಟೋನಲ್ಲಿ ಒರೆಸ್ಲೇಬೇಕು, ತೇಗದ ಎಣ್ಣೆ ಮೇಲೆ ಅಂಟು ನಿಲ್ಲಲ್ಲ.

ಇವತ್ತಿನ ಕೆಲಸದಲ್ಲಿ ಅರ್ಧ ಹೊತ್ತು ಹೋಗಿದ್ದು ಬಾಗಿಲಿಗೆ. ಟಾಪಿನ ಮರಕ್ಕೂ ಬಾಗಿಲಿಗೂ ಏನ್ ಸಂಬಂಧ ಅಂತ ನಮ್ಮನೆಯವಳೂ ಕೇಳಿದ್ಲು. ನೆತ್ತೀಲಿ ಅಷ್ಟು ದೊಡ್ಡ ಕಿಂಡಿ ಇರೋ ಬಾಡಿ ಮುಚ್ಚಳ ಇಲ್ಲದ ರಟ್ಟಿನ ಡಬ್ಬದ ಥರ, ಒಂದು ಮೂಲೆ ಒತ್ತಿದ್ರೆ ಇನ್ನೊಂದು ಮೂಲೆ ವಾಲುತ್ತೆ, ಅದನ್ನ ಚೌಕಕ್ಕೆ ಹಿಡಿದು ನಿಲ್ಸೋದ್ರಲ್ಲಿ ಈ ಮರದ್ದೂ ದೊಡ್ಡ ಪಾಲು ಇದೆ. ಬಾಡಿ ಯಾವ ಸ್ಥಿತೀಲಿದ್ದಾಗ ಮರಕ್ಕೆ ಸ್ಕ್ರೂ ಬೀಳುತ್ತೋ ಅದೇ ಸ್ಥಿತಿ ಕಾಯಂ. ಹಾಗಾಗಿ ಮೊದಲು ಬಾಡಿನ ಛಾಸಿಗೆ (ಗಾಡಿ ಕೆಳಗಿನ ಸ್ಟೀಲ್ ಚೌಕಟ್ಟಿಗೆ) ಬೋಲ್ಟ್ ಮಾಡಿ, ಎರಡೂ ಬಾಗಿಲು ಹಿಂಜಿಗೆ ಹಾಕಿ, ಸುತ್ತ ಗ್ಯಾಪು ಒಂದೇ ಸಮ ಬರೋ ತನಕ ಛಾಸಿ ಮತ್ತೆ ಬಾಡಿ ಮಧ್ಯೆ ತೆಳು ಪ್ಯಾಕಿಂಗ್ ಸೇರಿಸ್ತಾ ತೆಗೀತಾ ಇದ್ವಿ. ಆಮೇಲೆ ಕಿಂಡಿಗೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಸಮ ಇದೆಯಾ ನೋಡಿದ್ದು. ಅದಾದ್ಮೇಲೇ ಮರ ಇಟ್ಟಿದ್ದು, ಅದೂ ಬರೀ ಕ್ಲಾಂಪಲ್ಲಿ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಗ್ಯಾಪ್ ಅಲ್ಲಾಡಿಲ್ಲ ಅಂತ ಖಾತ್ರಿ ಆದ್ಮೇಲೆ ಬೈರಿಗೆ ಕೈಗೆತ್ಕೊಂಡ್ವಿ. ಹೆಡರಿನ ಎಡ ತುದಿ ಕೂದಲೆಳೆಯಷ್ಟು ಎತ್ತರ ಇತ್ತು, ಆಚಾರ್ರು ತೋಪಡದಲ್ಲಿ ಒಂದು ಎಳೆ ತೆಗೀತಾರೆ, ಇಟ್ಟು ನೋಡ್ತಾರೆ, ಮತ್ತೆ ಒಂದು ಎಳೆ. ನಾನು ಹಳೇ ಕೊಳೆತ ಪಟ್ಟಿನ ಅಳತೆಗೆ ಇಟ್ಕೊಂಡಿದ್ದೆ, ಅವರು ಅದನ್ನ ಸ್ಕ್ರೂ ತೂತು ಎಲ್ಲಿ ಬರುತ್ತೆ ಅನ್ನೋದಕ್ಕೆ ಮಾತ್ರ ನೋಡಿದ್ರು, ಆಕಾರ ತಗೊಂಡಿದ್ದೆಲ್ಲ ಸ್ಟೀಲಿನ ಅಂಚಿಂದಾನೇ. ಅಂಥ ಕೈ ಕೆಲಸ ನೋಡೋದೇ ಒಂದು ಪುಣ್ಯ.

ಮರ ಸ್ಟೀಲಿಗೆ ತಾಗೋ ಕಡೆ ಎಲ್ಲಾ ತೆಳು ಫೆಲ್ಟ್ ಕೊಟ್ವಿ, ಇಲ್ಲಾಂದ್ರೆ ಹಳ್ಳ ಇಳಿದಾಗೆಲ್ಲ ಕಿರ್ ಅನ್ನುತ್ತೆ. ಹಿತ್ತಾಳೆ ಸ್ಕ್ರೂ ಮೆತ್ತಗೆ, ನೇರ ತಿರುಗಿಸಿದ್ರೆ ತಲೆ ಮುರಿಯುತ್ತೆ, ಅದಕ್ಕೆ ಮೊದಲು ಅದೇ ಅಳತೆ ಸ್ಟೀಲ್ ಸ್ಕ್ರೂ ಹಾಕಿ ದಾರಿ ಮಾಡಿ, ಅದನ್ನ ಬಿಚ್ಚಿ, ಹಿತ್ತಾಳೇದಕ್ಕೆ ಬಾರ್ ಸೋಪು ಸವರಿ ತಿರುಗಿಸಿದ್ದು. ಕೊಯ್ದ ತುದಿಗಳಿಗೆ, ನೀರು ಕುಡಿಯೋದು ಅಲ್ಲೇ ಆದ್ರಿಂದ, ಅಗಸೆ ಎಣ್ಣೆ ಚೆನ್ನಾಗಿ ಕುಡಿಸಿದ್ವಿ.

ಉಳಿದ ಚೂರು, ಸಿಪ್ಪೆ ಎಲ್ಲಾ ಆಚಾರ್ರು ಬಚ್ಚಲ ಒಲೆಗೆ ಆಗ್ತದೆ ಅಂತ ಚೀಲಕ್ಕೆ ತುಂಬ್ಕೊಂಡ್ರು. ಮಿಷಿಗನ್‌ನ ಐರನ್ ಮೌಂಟನ್‌ನಲ್ಲಿ ಫೋರ್ಡ್ ಕಂಪನೀದೇ ಮರದ ಕಾರ್ಖಾನೆ ಇತ್ತು, ಅಲ್ಲೂ ಮಿಕ್ಕ ಚೂರಿಂದ ಇದ್ದಿಲು ಬಿಲ್ಲೆ ಮಾಡಿ ಮಾರ್ತಿದ್ರು ಅಂತ ಹೇಳ್ದೆ, ಅವರಿಗೆ ಬಹಳ ಖುಷಿ ಆಯ್ತು.

ಮುಂದಿನ ಭಾನುವಾರ ಬಲ ಮೂಲೆ ಮುಗಿಸ್ಬೇಕು. ಅದಕ್ಕೂ ಮುಂಚೆ ಒಳಗಿನ ಲೈಟಿನ ವೈರು ಎಳೆದಿಡ್ಬೇಕು, ಸೀಲಿಂಗ್ ಬಟ್ಟೆ ಹೊಡೆದ ಮೇಲೆ ಅಲ್ಲಿಗೆ ಕೈ ಹೋಗಲ್ಲ. ಟಾಪಿನ ಬಟ್ಟೆ ಬಿಸಿಲು ಬಲಿತ ಮೇಲೆ ಎಳೆಸ್ತೀನಿ, ಕಾದಾಗ ಅದು ಮೆತ್ತಗಾಗಿ ಸುಕ್ಕಿಲ್ಲದೆ ಕೂರುತ್ತೆ. ಮೈಸೂರು ಸುತ್ತಮುತ್ತ ಹಳೇ ಕಾರಿಗೆ ಬಟ್ಟೆ ಟಾಪ್ ಹೊಡೆಯೋ, ಕೈ ಪಳಗಿದ ಕುಶನ್ ಕೆಲಸದವರು ಯಾರಾದ್ರೂ ಗೊತ್ತಿದ್ರೆ ತಿಳಿಸಿ.