ತಂತಿ ಹುಡುಕಬೇಡಿ, ಕಂಬ ನೋಡಿ

ನಮ್ಮ ಶಿರಸಿಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವುದೆಂದರೆ ಮೈಲುತುತ್ತು, ಸುಣ್ಣ, ಡ್ರಮ್ಮು, ಮರ ಹತ್ತಿ ತುದಿಯಲ್ಲಿ ನಿಂತು ಹೊಡೆಯುವ ಕೊನೆಗೌಡ. ನಾನೀಗ ಇರುವ ಆಸ್ಟ್ರೇಲಿಯಾದ ಹತ್ತಿ ಸೀಮೆಯಲ್ಲಿ ಮದ್ದು ಹೊಡೆಯುವುದು ವಿಮಾನ. ಅದಕ್ಕೆ ಮದ್ದು ಕಲಸಿ ತುಂಬುವುದು ನನ್ನ ಕೆಲಸ. ಏರ್ ಟ್ರಾಕ್ಟರ್ 802 ಎಂಬ ಈ ವಿಮಾನದ ಟ್ಯಾಂಕಿಗೆ ಸುಮಾರು 3,000 ಲೀಟರ್ ಹಿಡಿಯುತ್ತದೆ. ಬೆಳೆಯಿಂದ ಬರೀ ಮೂರು ಮೀಟರ್ ಮೇಲೆ, ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಹಾರುತ್ತದೆ.

ಅಷ್ಟು ಕೆಳಗೆ ಹಾರುವವರಿಗೆ ಕರೆಂಟಿನ ತಂತಿಯೇ ಯಮ. ಇಲ್ಲಿ ಹಳ್ಳಿ ಕಡೆ ಒಂದೇ ತಂತಿಯ ಲೈನುಗಳಿವೆ, ಕರೆಂಟು ಭೂಮಿಯ ಮೂಲಕ ವಾಪಸಾಗುತ್ತದೆ. ಕಂಬಗಳ ನಡುವೆ ನೂರಾರು ಮೀಟರ್ ಅಂತರ. ಬಿಸಿಲಿಗೆ ತಂತಿ ಇನ್ನಷ್ಟು ಜೋತುಬೀಳುತ್ತದೆ. ಆ ಒಂಟಿ ತಂತಿ ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕೇ ಪೈಲಟ್ ತಂತಿ ಹುಡುಕುವುದಿಲ್ಲ, ಕಂಬ ನೋಡುತ್ತಾರೆ. ಅಡ್ಡಪಟ್ಟಿ ಯಾವ ಕಡೆಗಿದೆ, ಪಂಪ್‌ಸೆಟ್ಟಿಗೆ ಕವಲು ಹೊರಟಿದೆಯಾ ಅಂತ.

ಚಕ್ರದ ಕಾಲಿಗೆ ತಂತಿ ಕತ್ತರಿಸುವ ಅಲಗು ಇದೆ. ತಂತಿ ಬಾಲಕ್ಕೆ ಸಿಕ್ಕದೆ ಜಾರಿಹೋಗಲೆಂದು ಕಾಕ್‌ಪಿಟ್ ನೆತ್ತಿಯಿಂದ ಬಾಲದವರೆಗೆ ಉಕ್ಕಿನ ಹಗ್ಗ ಬಿಗಿದಿದೆ. ಪ್ರತಿ ಲೋಡಿಗೂ ನಾನು ಮುಂದಿನ ಗಾಜು ಒರೆಸುತ್ತೇನೆ. ಜಜ್ಜಿದ ಹುಳ, ಮದ್ದಿನ ಬಿಳಿ ಪೊರೆ. ಸಂಜೆ ಬಿಸಿಲು ಎದುರಿಗೆ ಬಂದರೆ ಆ ಪೊರೆಯಲ್ಲೇ ತಂತಿ ಮಾಯ.

ನನ್ನನ್ನು ಕಂಗೆಡಿಸಿದ್ದು ಬೇರೆ ಸಂಗತಿ. ಇಲ್ಲಿನ ಸಾರಿಗೆ ಸುರಕ್ಷತಾ ಬ್ಯೂರೋದವರು ತಂತಿಗೆ ಬಡಿದ ವಿಮಾನಗಳ ಲೆಕ್ಕ ತೆಗೆದಾಗ, ನೂರಕ್ಕೆ 63 ಪೈಲಟ್‌ಗಳಿಗೆ ಅಲ್ಲಿ ತಂತಿ ಇದೆ ಅಂತ ಮೊದಲೇ ಗೊತ್ತಿತ್ತಂತೆ! ಗೊತ್ತಿತ್ತು, ಆ ಗಳಿಗೆಗೆ ಮರೆತಿತ್ತು. ಸೇರಿದ ಹೊಸತರಲ್ಲಿ ನಾನೊಮ್ಮೆ ಮುಂದಿನ ಲೋಡಿನ ಲೆಕ್ಕ ಕೇಳಲು ಸುಮ್ನೆ ರೇಡಿಯೋದಲ್ಲಿ ಕರೆದಿದ್ದೆ. ಉತ್ತರ ಬರಲಿಲ್ಲ. ಇಳಿದ ಮೇಲೆ ಪೈಲಟ್ ಮೆಲ್ಲಗೆ ಹೇಳಿದರು, ‘ಹೊಲದಲ್ಲಿದ್ದಾಗ ಕರೆಯಬೇಡ. ನಾನು ತಂತಿ ನೆನಪಿಟ್ಟುಕೊಂಡಿರುತ್ತೇನೆ.’ ಆಮೇಲೆ ನಾನಾಗಿ ಕರೆದದ್ದೇ ಇಲ್ಲ.

ಮೊನ್ನೆ ಊರಿಂದ ಭಾವನ ಫೋನು. ನೆಲದಲ್ಲೇ ನಿಂತು ಅಡಿಕೆಗೆ ಮದ್ದು ಹೊಡೆಯುವ ಉದ್ದನೆಯ ಕೋಲು, ಹೊಸ ಫೈಬರ್ ದೋಟಿ ತಂದಿದ್ದಾನೆ. ಹೆಸರು ಫೈಬರ್ ಆದರೂ ಅದು ಕಾರ್ಬನ್, ಅದರಲ್ಲಿ ಕರೆಂಟು ಹರಿಯುತ್ತದೆ. ಲೈನಿನ ಹತ್ತಿರ ಎತ್ತಬೇಡ ಅಂದೆ. ‘ಹುಟ್ಟಿದಾಗಿಂದ ನೋಡಿದ ಲೈನು ಮಾರಾಯ, ನಂಗೆ ಗೊತ್ತಿಲ್ವಾ?’ ಅಂದ. ಎದೆ ಝಲ್ಲೆಂದಿತು. ದೋಟಿ ಎತ್ತುವ ಮುಂಚೆ ಪ್ರತಿ ಸಲ ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸು, ಕೊನೆಯ ಮರ ಮುಟ್ಟುವಾಗ ಇನ್ನೊಮ್ಮೆ ಅಂತ ಅಂಗಲಾಚಿದೆ.

ರಾತ್ರಿ ತೋಟದ ಫೋಟೋ ಕಳಿಸಿದ. ಪಂಪ್ ಮನೆ ಪಕ್ಕದ ಕಂಬಕ್ಕೆ ಕಾಡುಬಳ್ಳಿ ಹಬ್ಬಿದೆ. ದೊಡ್ಡದು ಮಾಡಿ ನೋಡಿದೆ. ತಂತಿ ಕಾಣಿಸಲೇ ಇಲ್ಲ.